12 ವೋಲ್ಟಿನ ಯಜಮಾನಿಕೆ

ಅಡಿಕೆ ಬೇಯಿಸಿ ಚಪ್ಪರದ ಮೇಲೆ ಹರವಿದ ದಿನದಿಂದ ಮಲೆನಾಡಿನ ಯಜಮಾನರ ನಿದ್ದೆ ತೆಳುವಾಗುತ್ತದೆ. ಕ್ವಿಂಟಾಲಿಗೆ ಅರ್ಧ ಲಕ್ಷದ ಆಸುಪಾಸು ಬಾಳುವ ಮಾಲು ಆಕಾಶ ನೋಡುತ್ತ ಬಯಲಲ್ಲಿ ಬಿದ್ದಿರುತ್ತದಲ್ಲ! ಹಿಂದೆ ಇದನ್ನು ಕಾಯಲು ನಾಯಿ ಇತ್ತು, ಕಂಬಳಿ ಹೊದ್ದು ಜಗುಲಿಯಲ್ಲಿ ಕೆಮ್ಮುವ ಅಜ್ಜ ಇದ್ದ. ಅಜ್ಜನ ಕೆಮ್ಮಿಗೆ ಕರೆಂಟು ಬೇಕಿರಲಿಲ್ಲ. ಈಗ ಸಾಗರ, ಸಿದ್ದಾಪುರದ ಕಡೆ ಆ ಕೆಲಸಕ್ಕೆ ಸಿಸಿಟಿವಿ ಬಂದಿದೆ.

ನಮ್ಮ ಮನೆಗೂ ಬಂತು. ಜಗುಲಿಗೊಂದು, ಕೊಟ್ಟಿಗೆಗೊಂದು, ದಣಪೆಗೊಂದು, ಚಪ್ಪರಕ್ಕೊಂದು. ಮೊದಲ ಮೂರು ಕ್ಯಾಮೆರಾಗಳ ಬಗ್ಗೆ ದೂರಿಲ್ಲ. ಅದರಲ್ಲೂ ಜಗುಲಿಯದ್ದು ಅಗತ್ಯಕ್ಕಿಂತ ಚೆನ್ನಾಗಿದೆ. ಊಟವಾದ ಮೇಲೆ ನಾನು ತೋಟದ ಲೆಕ್ಕ ಬರೆಯುತ್ತೇನೆಂದು ಹೇಳುವ ಹೊತ್ತಿನಲ್ಲಿ ಆರಾಮಕುರ್ಚಿಯಲ್ಲಿ ಬಾಯಿ ತೆರೆದು ಏನು ಮಾಡುತ್ತಿರುತ್ತೇನೆ ಎಂಬುದು ಅದರಲ್ಲಿ ಹಲ್ಲು ಎಣಿಸುವಷ್ಟು ಸ್ಪಷ್ಟವಾಗಿ ದಾಖಲಾಗಿದೆ. ತಕರಾರೆಲ್ಲ ಚಪ್ಪರದ ಕ್ಯಾಮೆರಾದ್ದು. ಹಗಲಿಡೀ ಅಡಿಕೆ ಒಣಗುವುದನ್ನು ಕಣ್ಣು ಮಿಟುಕಿಸದೆ ನೋಡುವ ಅದು, ಮುಸ್ಸಂಜೆ ದಾಟಿದ್ದೇ ತಡ ಮಲಗಿಬಿಡುತ್ತಿತ್ತು. ಬೆಳಗ್ಗೆ ಕೋಳಿ ಕೂಗಿದ ಮೇಲೆ ಮತ್ತೆ ಎದ್ದು ಕರ್ತವ್ಯಕ್ಕೆ ಹಾಜರು. ಕಳ್ಳರಿಗೆ ಇದಕ್ಕಿಂತ ಅನುಕೂಲದ ವೇಳಾಪಟ್ಟಿಯನ್ನು ಅವರೇ ಕೂತು ಬರೆದರೂ ಬರೆಯಲಾರರು.

ಪಿಯುಸಿಯಲ್ಲಿ ವಿಜ್ಞಾನ ಓದಿದವನೆಂಬ ಖ್ಯಾತಿ ನನಗೆ ಮನೆಯಲ್ಲಿದೆ. ಪಾಸಾದೆನೇ ಎಂದು ಈವರೆಗೆ ಯಾರೂ ಕೇಳಿಲ್ಲ. ಹಾಗಾಗಿ ಫ್ಯೂಸ್ ಹೋದರೂ ಟಾರ್ಚು ಕೆಟ್ಟರೂ ವಿದ್ಯುತ್ ಖಾತೆ ನನ್ನದೇ. ಒಂದು ಮುಸ್ಸಂಜೆ ಏಣಿ ಹತ್ತಿ ಕ್ಯಾಮೆರಾದ ಮುಖ ಒರೆಸಿ, ಕೆಳಗೆ ನಿಂತಿದ್ದ ಅಮ್ಮನಿಗೆ "ಇನ್ನು ಬೆಳಗಿನವರೆಗೂ ತೊಂದರೆ ಇಲ್ಲ" ಎಂದೆ. ತಲೆಯ ಮೇಲೆ 'ಟಿಕ್' ಎಂದಿತು.

"ಹಲ್ಲಿ ಲೊಚಗುಟ್ಟಿತು ನೋಡು. ನೀನು ಹೇಳಿದ್ದು ಸತ್ಯ. ಕೃಷ್ಣ ಕೃಷ್ಣ" ಎಂದಳು ಅಮ್ಮ.

ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಟಿಕ್. ಮತ್ತೆ ಕೃಷ್ಣ ಕೃಷ್ಣ. ಕತ್ತಲಾಗುವಷ್ಟರಲ್ಲಿ ಅರ್ಧ ಜಪ ಮುಗಿದಿತ್ತು. ಅದು ಹಲ್ಲಿಯಲ್ಲ, ಕ್ಯಾಮೆರಾ. ಕತ್ತಲಾದರೆ ಅದರ ಮಸೂರದ ಹಿಂದಿನ ಪುಟ್ಟ ಫಿಲ್ಟರು ಟಿಕ್ಕೆಂದು ಪಕ್ಕಕ್ಕೆ ಸರಿಯುತ್ತದೆ, ಸುತ್ತಲಿನ ಅವಗೆಂಪು (ಐಆರ್) ದೀಪಗಳು ಮಂದವಾಗಿ ಕೆಂಪಗೆ ಹೊತ್ತಿಕೊಳ್ಳುತ್ತವೆ. ನಮ್ಮ ಕ್ಯಾಮೆರಾ ದೀಪ ಹೊತ್ತಿಸುವುದು, ಆಯಾಸದಿಂದ ಸಾಯುವುದು, ಮತ್ತೆ ಹುಟ್ಟಿ ಮತ್ತೆ ದೀಪ ಹೊತ್ತಿಸುವುದು, ಹೀಗೆ ಜನ್ಮಾಂತರಗಳಲ್ಲಿ ತೊಡಗಿತ್ತು.

ಸಲಹೆಗಳಿಗೆ ಬರವಿರಲಿಲ್ಲ. ಭಾವ ಚಿತ್ರ ದಾಖಲಿಸುವ ಡಿವಿಆರ್ ಪೆಟ್ಟಿಗೆ ಬದಲಿಸಿ ಎಂದ. ಪಕ್ಕದ ಮನೆಯವರು ಕ್ಯಾಮೆರಾವೇ ಡೂಪ್ಲಿಕೇಟು ಎಂದರು. ಅಮ್ಮ ದೃಷ್ಟಿ ತೆಗೆದಳು. ಹೆಂಡತಿ ಮಾತ್ರ, "ಅದನ್ನೇ ಬಿಚ್ಚಿ ತಂದು ಡಿವಿಆರ್ ಪಕ್ಕದಲ್ಲಿ ಹಚ್ಚಿ ನೋಡ್ರೀ. ಮಿಕ್ಸಿ ತಿರುಗದಿದ್ದರೆ ನಾನು ಮೊದಲು ಬೇರೆ ಪ್ಲಗ್ಗಿಗೆ ಹಾಕಿ ನೋಡುತ್ತೇನೆ" ಎಂದಳು. ಮಿಕ್ಸಿಯ ಶಾಸ್ತ್ರ ಕ್ಯಾಮೆರಾಕ್ಕೆ ಒಗ್ಗುವುದಿಲ್ಲವೆಂದು ವಿವರಿಸುತ್ತಲೇ ಬಿಚ್ಚಿ ತಂದೆ. ರಾತ್ರಿಯಿಡೀ ಅದು ಅಟ್ಟದ ಇಲಿಗಳನ್ನು ಎವೆಯಿಕ್ಕದೆ ಕಾದಿತು. ಅಲ್ಲಿಗೆ ಕ್ಯಾಮೆರಾ ನಿರಪರಾಧಿ.

ಮರುದಿನ ಮಲ್ಟಿಮೀಟರ್ ಹಿಡಿದು ಚಪ್ಪರದ ತುದಿಯ ಪಿನ್ನಿಗೆ ಮುಟ್ಟಿಸಿದೆ. ಕ್ಯಾಮೆರಾಕ್ಕೆ ಬೇಕಾದಂತೆ ಸರಿಯಾಗಿ 12 ವೋಲ್ಟ್! ಅಂಗಳದಿಂದಲೇ ಗೆಲುವಿನ ಘೋಷಣೆ ಮಾಡಿದೆ. ಹೆಂಡತಿ ಒಳಗಿಂದ ಕೇಳಿದಳು: "ಕ್ಯಾಮೆರಾ ಹಚ್ಚಿ ಅಳೆದಿರೋ, ಹಚ್ಚದೆಯೋ? ಗ್ರೈಂಡರ್ ತಿರುಗುವಾಗಲೇ ಅಲ್ಲವೇ ನಮ್ಮನೆ ಲೈಟು ಮಂಕಾಗುವುದು?" ಕತ್ತಲಾದ ಮೇಲೆ, ಕ್ಯಾಮೆರಾ ಹಚ್ಚಿ, ಐಆರ್ ಹೊತ್ತಿದ ಕ್ಷಣದಲ್ಲಿ ಅಳೆದರೆ 8.

ಮಿಕ್ಕಿದ್ದು ಲೆಕ್ಕ. ಜರ್ಮನಿಯ ಜಾರ್ಜ್ ಓಮ್ 1827ರಲ್ಲೇ ಪ್ರಕಟಿಸಿದ ನಿಯಮವದು: ತಂತಿಯ ತಡೆಯನ್ನು ಆಂಪಿಯರಿನಿಂದ ಗುಣಿಸಿದರೆ ದಾರಿಯಲ್ಲಿ ಸೋರುವ ವೋಲ್ಟ್. ಮನೆಯಿಂದ ಚಪ್ಪರಕ್ಕೆ ತಂತಿ 60 ಮೀಟರ್. ಆದರೆ ಕರೆಂಟು ಹೋದ ದಾರಿಯಲ್ಲಿ ತಿರುಗಿ ಬರಬೇಕಲ್ಲ? ಹೋಗುವುದೂ ಬರುವುದೂ ಸೇರಿ 120 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ಎಳೆಗೆ ಅಷ್ಟು ದೂರಕ್ಕೆ ಹೆಚ್ಚುಕಡಿಮೆ 10 ಓಮ್ ತಡೆ. ಹಗಲು ಕ್ಯಾಮೆರಾ ಎಳೆಯುವ 0.2 ಆಂಪಿಯರಿಗೆ ದಾರಿಯಲ್ಲಿ 2 ವೋಲ್ಟ್ ಸುಂಕ. ಉಳಿದ ಹತ್ತರಲ್ಲಿ ಅದು ಹೇಗೋ ಸಂಸಾರ ತೂಗಿಸುತ್ತದೆ. ರಾತ್ರಿ ಐಆರ್ ಸೇರಿ 0.4 ಆಂಪಿಯರ್ ಆದರೆ ಸುಂಕವೂ ದುಪ್ಪಟ್ಟು. ತಾಮ್ರದ ಹೆಸರಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಬಂದಿದ್ದರಂತೂ ಇನ್ನೂ ಹೆಚ್ಚು.

ನನಗಿದು ಅಪರಿಚಿತ ವಿದ್ಯಮಾನವೇನಲ್ಲ. ಜಗುಲಿಯಲ್ಲಿ ಕೂತು "ಒಂದು ಲೋಟ ಚಹಾ!" ಎಂದು ನಾನು ಕೂಗುವಾಗ ಆ ಮಾತಿಗೆ ಪೂರಾ 12 ವೋಲ್ಟ್ ಇರುತ್ತದೆ. ನಡುಮನೆ ದಾಟಿ ಅಡುಗೆಮನೆ ಮುಟ್ಟುವಷ್ಟರಲ್ಲಿ ಅದು ಏನಾಗುತ್ತದೋ, ಚಹಾ ಅಂತೂ ಬರುವುದಿಲ್ಲ.

ಪರಿಹಾರವಾಗಿ ನನ್ನ ಕಣ್ಣು ನಾಲ್ಕೂ ಕ್ಯಾಮೆರಾಗಳಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯ ಪುಟ್ಟ ತಿರುಪಿನ ಮೇಲೆ ಬಿತ್ತು. ತಿರುಗಿಸಿದರೆ ವೋಲ್ಟೇಜು ಏರುತ್ತದೆ. "ಏರಿಸಿದ್ದು ಹತ್ತಿರದ ಮೂರಕ್ಕೂ ಹೋಗುವುದಿಲ್ಲವಾ?" ಎಂದಳು ಹೆಂಡತಿ. ಸ್ಕ್ರೂಡ್ರೈವರ್ ಜೇಬಿಗೆ ಸೇರಿತು. ಆಗ ನಾನು ಇತಿಹಾಸದ ಮೊರೆ ಹೊಕ್ಕೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 90 ಮೈಲಿಗೂ ಮೇಲೆ ವಿದ್ಯುತ್ ಹೋದ ನಾಡಿನಲ್ಲಿ, ಅಂಗಳ ದಾಟಲು ಕರೆಂಟಿಗೆ ಯಾಕೆ ಇಷ್ಟು ಸುಸ್ತು? ಉತ್ತರವೂ ಅಲ್ಲೇ ಇತ್ತು. ಅಂದು ಕಳಿಸಿದ್ದು 30 ಸಾವಿರ ವೋಲ್ಟ್ ಆಸುಪಾಸಿನಲ್ಲಿ. ವೋಲ್ಟ್ ಹೆಚ್ಚಿದ್ದರೆ ಅದೇ ಕೆಲಸಕ್ಕೆ ಆಂಪಿಯರ್ ಕಡಿಮೆ ಸಾಕು, ದಾರಿಯ ಸುಂಕವೂ ಇಳಿಯುತ್ತದೆ. ಮೊದಲು ದೂರ ದಾಟಿಸು, ಆಮೇಲೆ ಇಳಿಸು.

ಚಪ್ಪರದ ಪಕ್ಕ, ಅಡಿಕೆ ಬೇಯಿಸುವ ಮಾಡಿನಲ್ಲಿ, ಬಲ್ಬಿನ ಜೊತೆಗೊಂದು 230 ವೋಲ್ಟಿನ ಪ್ಲಗ್ ಪಾಯಿಂಟು ಇತ್ತು. ಪೇಟೆಯ ಎಲೆಕ್ಟ್ರಿಷಿಯನ್ ಬಂದು ಅದಕ್ಕೆ ಇನ್ವರ್ಟರ್ ಲೈನು ಎಳೆದು, 12 ವೋಲ್ಟಿನ ಅಡಾಪ್ಟರ್ ಸಿಕ್ಕಿಸಿ, ಕ್ಯಾಮೆರಾಕ್ಕೆ ಕೈಯಳತೆಯಲ್ಲೇ ಊಟ ಬಡಿಸಿದ. ಉದ್ದದ ತಂತಿಗೆ ಚಿತ್ರ ಹೊರುವ ಕೆಲಸವಷ್ಟೇ ಉಳಿಯಿತು. ಟಿಕ್ ಟಿಕ್ ನಿಂತಿತು.

ಆದರೂ ಒಂದು ರಾತ್ರಿ ಚಿತ್ರ ಹೋಯಿತು. ಅಡಿಕೆ ಸುಲಿಯಲು ಬಂದವರಲ್ಲೊಬ್ಬರು ಅಡಾಪ್ಟರ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕಿದ್ದರು. ನಾನು "ಅನಧಿಕೃತವಾಗಿ ಪ್ಲಗ್ ಕೀಳುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ" ಎಂದು ಫಲಕ ಬರೆದು ತೂಗುಹಾಕಿದೆ. ಹೆಂಡತಿ ಪಕ್ಕದಲ್ಲೊಂದು ಮಲ್ಟಿಪ್ಲಗ್ ಇಟ್ಟಳು. ಯಾವುದರಿಂದ ಪ್ರಯೋಜನವಾಯಿತು ಎಂಬ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಒಂದು ನನ್ನದು.

ಸಮಸ್ಯೆ ತೀರಿದ ಖುಷಿಯಲ್ಲಿ ಜಗುಲಿಯಿಂದ ಚಹಾಕ್ಕೆ ಕೂಗಿದೆ. ಹೆಂಡತಿಯೇ ಹೊರಗೆ ಬಂದಳು, ಬರಿಗೈಯಲ್ಲಿ.

"ಅಷ್ಟು ದೂರದಿಂದ ಕಳಿಸಿದರೆ ದಾರಿಯಲ್ಲೇ ಸೋರುತ್ತದೆ ಎಂದು ನೀವೇ ಹೇಳಿದಿರಲ್ಲ? ಬೇಕಾದಲ್ಲಿಗೇ ಹೋಗಿ ಮಾಡಿಕೊಳ್ಳಿ" ಎಂದು ನನ್ನ ಆರಾಮಕುರ್ಚಿಯಲ್ಲಿ ಕೂತಳು.

ವಿಜ್ಞಾನಕ್ಕೆ ಎದುರಾಡುವಂತಿಲ್ಲ. ಒಳಗೆ ಹೋಗಿ ನೀರಿಟ್ಟೆ. ನೀರು ಕುದಿಯಿತು. "ಸಕ್ಕರೆ ಡಬ್ಬಿ ಎಲ್ಲಿದೆ?" ಎಂದು ಅಡುಗೆಮನೆಯಿಂದ ಜಗುಲಿಗೆ ಕೂಗಿದೆ. ಇನ್ನೊಮ್ಮೆ ಕೂಗಿದೆ. ಉತ್ತರವಿಲ್ಲ. ಹೋಗುವುದೂ ಬರುವುದೂ ಎರಡೂ ಲೆಕ್ಕಕ್ಕೆ ಸೇರುತ್ತವೆ ಎಂದು ಮೊದಲೇ ಹೇಳಿದೆನಲ್ಲ.