ನನ್ನ ವರ್ಷದ ಹಾಡಿನ ಲೆಕ್ಕ ಕಳಿಸಿದವರಿಗೆ

ಮಾನ್ಯರೇ,

ಡಿಸೆಂಬರಿನಲ್ಲಿ ನಿಮ್ಮ ಹಾಡಿನ ಆ್ಯಪಿನಿಂದ ನೀವು ಕಳಿಸಿದ ಬಣ್ಣಬಣ್ಣದ ಪಟ್ಟಿ ನನ್ನ ಫೋನಿಗೆ ಬಂದಾಗ ರಾತ್ರಿ ಹತ್ತೂವರೆ. ನಾನು ಬಂಡೀಪುರ ಕಾಡಿನಂಚಿನ ಮದ್ದೂರು ಚೆಕ್‌ಪೋಸ್ಟಿನ ಮುಂದೆ ಕ್ಯಾಂಟರಿನಲ್ಲಿ ಕೂತಿದ್ದೆ. ತೆರಕಣಾಂಬಿಯಲ್ಲಿ ಲೋಡು ಮಾಡಿಸುವುದೇ ತಡವಾಗಿ, ಗುಂಡ್ಲುಪೇಟೆ ದಾಟಿ ಗೇಟು ಮುಟ್ಟುವಷ್ಟರಲ್ಲಿ ಒಂಬತ್ತು ಮೀರಿತ್ತು. ಹಿಂದೆ ಬೀಟ್‌ರೂಟು, ಎಲೆಕೋಸು. ಮುಂದೆ ಸುಲ್ತಾನ್ ಬತ್ತೇರಿ ಕಡೆಯ ಲಾರಿಗಳ ಸಾಲು. ‘ಈ ವರ್ಷ ನೀವು ಅತಿ ಹೆಚ್ಚು ಕೇಳಿದ ಗಾಯಕರು’ ಎಂದು ಪಟ್ಟಿಯಲ್ಲಿ ದೊಡ್ಡದಾಗಿ ಬರೆದು, ಅದರ ಕೆಳಗೆ ಒಂದೇ ಪದ ಹಾಕಿದ್ದಿರಿ: ಸಾಂಪ್ರದಾಯಿಕ. ‘ಈ ವರ್ಷದ ನಿಮ್ಮ ಆಲ್ಬಂ’ ಎಂಬಲ್ಲಿ: ಜಾನಪದ.

ನಾನು ಈ ವರ್ಷ ಕೇಳಿದ್ದನ್ನು ಹಾಡಿದವರಿಗೆಲ್ಲ ಹೆಸರಿದೆ, ಊರಿದೆ, ಗುರುವಿದ್ದಾನೆ. ನನ್ನ ಮೆಚ್ಚಿನ ಆಲ್ಬಂ ಯಾವುದು ಎಂದು ನೀವೇ ತೀರ್ಮಾನಿಸಿ ಕಳಿಸಿದ್ದೀರಿ. ನನ್ನ ತೀರ್ಮಾನ ಬೇರೆ ಇದೆ, ಅದನ್ನು ತಿಳಿಸೋಣವೆಂದು ಬರೆಯುತ್ತಿದ್ದೇನೆ.

ಮೊದಲು ಆ ಗೇಟಿನ ಮಾತು. ಬಂಡೀಪುರದ ಕಾಡಿನೊಳಗೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ನಮ್ಮ ಗಾಡಿಗಳನ್ನು ಬಿಡುವುದಿಲ್ಲ. ಆನೆ, ಜಿಂಕೆ, ಹುಲಿ ನಿಶ್ಚಿಂತೆಯಿಂದ ರಸ್ತೆ ದಾಟಲಿ ಎಂದು ಮಾಡಿದ ನಿಯಮ. ನನಗೆ ಅದರ ಮೇಲೆ ತಕರಾರಿಲ್ಲ. ಚಕ್ರಕ್ಕೆ ಸಿಕ್ಕಿ ಬಿದ್ದ ಜಿಂಕೆಯನ್ನು ಒಮ್ಮೆ ನೋಡಿದವರು ಯಾರೂ ತಕರಾರು ಮಾಡಲಾರರು. ಅಲ್ಲಿ ಕಾಯುವ ಆ ಒಂಬತ್ತು ತಾಸಿನಿಂದ ನನಗೊಂದು ಲಾಭವೂ ಆಗಿದೆ. ಮಾದಪ್ಪನ ಕತೆಯ ಒಂದು ಸಾಲನ್ನು ಅವಸರವಿಲ್ಲದೆ ಕೇಳಲು ಒಂದು ರಾತ್ರಿಯೇ ಬೇಕು. ನನಗೆ ಆ ರಾತ್ರಿ ಸಿಕ್ಕಿದ್ದು ಈ ಗೇಟಿನ ಮುಂದೆ.

ಸಾಲು ಎಂದರೆ ಏನೆಂದು ನಿಮಗೆ ಹೇಳಬೇಕು. ಮಾದಪ್ಪ ಎಂದರೆ ಮಲೆ ಮಹದೇಶ್ವರ. ಅವನ ಕತೆಯನ್ನು, ಅದನ್ನು ಹಾಡಲು ದೀಕ್ಷೆ ಪಡೆದ ದೇವರಗುಡ್ಡರು ಒಂದೇ ಸಲಕ್ಕೆ ಹಾಡಿ ಮುಗಿಸುವುದಿಲ್ಲ. ಹುಟ್ಟಿದ ಸಾಲು, ಶ್ರವಣನ ಸಾಲು, ಆಲಂಬಾಡಿ ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಹೀಗೆ ಭಾಗ ಮಾಡಿ ಹಾಡುತ್ತಾರೆ. ಒಬ್ಬ ಗುಡ್ಡಪ್ಪ ಹಿಗ್ಗಿಸಿದ್ದನ್ನು ಇನ್ನೊಬ್ಬ ಕುಗ್ಗಿಸುತ್ತಾನೆ. ಒಂದೊಂದು ಸಾಲಿಗೂ ತನ್ನದೇ ಮೊದಲು, ತನ್ನದೇ ಕೊನೆ, ತನ್ನದೇ ಜನ. ನೀವು ಆಲ್ಬಂ ಎನ್ನುತ್ತೀರಲ್ಲ, ನಮ್ಮ ಕಡೆ ಅದಕ್ಕೆ ಸಮನಾದ ವಸ್ತು ಇದೇ. ಅದರೊಳಗಿನ ಒಂದು ತುಂಡನ್ನು ಕಿತ್ತು ನಾಲ್ಕು ನಿಮಿಷ ಮಾಡಿದಾಗ ಅದು ನಿಮ್ಮ ಪಟ್ಟಿಯಲ್ಲಿ ‘ಹಾಡು’ ಆಗುತ್ತದೆ.

ತುಂಡು ಮಾಡುವುದನ್ನೇ ನಾನು ದೂರುತ್ತಿಲ್ಲ. 1996ರಲ್ಲಿ ‘ಜನುಮದ ಜೋಡಿ’ ಬಂದಾಗ ‘ಕೋಲುಮಂಡೆ’ಯನ್ನು ಎಲ್.ಎನ್. ಶಾಸ್ತ್ರಿ ಹಾಡಿದ್ದು ನಮ್ಮೂರಿನ ಮದುವೆ, ತೇರು, ಗಣಪತಿ ಎಲ್ಲದರಲ್ಲೂ ಕೇಳಿಸಿತು. 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ದಲ್ಲಿ ‘ಸೋಜುಗಾದ ಸೂಜುಮಲ್ಲಿಗೆ’ ಬಂತು. ನನ್ನ ಮಗಳಿಗೆ ಮಾದಪ್ಪನ ಪದದ ರುಚಿ ಹತ್ತಿದ್ದು ಅದರಿಂದಲೇ. ಸಿನಿಮಾದವರಿಗೆ ನಾನು ಋಣಿ. ಒಂದು ದಿನ ಅವಳು ಅಡುಗೆಮನೆಯಲ್ಲಿ ‘ಕೋಲುಮಂಡೆ’ ಹಾಕಿಕೊಂಡು, ಮುಗಿದ ಮೇಲೆ ನನ್ನನ್ನು ಕೇಳಿದಳು: ‘ಅಪ್ಪಾಜಿ, ಕೋಲುಮಂಡೆ ಜಂಗಮ ಬಂದ ಅಂತಾರಲ್ಲ, ಯಾರ ಮನೆಗೆ ಬಂದ? ಆಮೇಲೆ ಏನಾಯ್ತು?’ ನಿಮ್ಮ ಆ್ಯಪ್ ಆಗಲೇ ಮುಂದಿನ ಹಾಡಿಗೆ ಹೋಗಿತ್ತು. ಅದು ತೆಲುಗು ಹಾಡು.

ಅವಳ ಪ್ರಶ್ನೆಗೆ ಉತ್ತರ ಸಂಕಮ್ಮನ ಸಾಲಿನಲ್ಲಿದೆ. ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ, ಮಕ್ಕಳಿಲ್ಲದವಳು. ಗಂಡ ಕಾಡಿಗೆ ಹೊರಡುವ ಮುಂಚೆ, ತಾನಿಲ್ಲದಾಗ ಶೀಲವಾಗಿ ಇರುತ್ತೇನೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡುವುದಿಲ್ಲ. ತಪ್ಪು ಮಾಡದವಳು ಆಣೆ ಏಕೆ ಇಡಬೇಕು ಎನ್ನುವುದು ಅವಳ ಹಟ. ಅವನು ಹೊಡೆಯುತ್ತಾನೆ, ಹಿಂಸೆ ಕೊಡುತ್ತಾನೆ, ಕಾಡಿನ ಗುಡಿಸಲಲ್ಲಿ ಕಟ್ಟಿಹಾಕಿ ಹೋಗುತ್ತಾನೆ. ಆಗ ಮಾದಪ್ಪ ಜಂಗಮನಾಗಿ ಅವಳ ಬಾಗಿಲಿಗೆ ಬರುತ್ತಾನೆ. ಅವಳಿಗೆ ಆಮೇಲೆ ಹುಟ್ಟುವ ಮಕ್ಕಳು ಕಾರಯ್ಯ, ಬಿಲ್ಲಯ್ಯ. ಕಾರಯ್ಯನನ್ನು ಸೋಲಿಗರು ತಮ್ಮ ಮೂಲಪುರುಷ ಎನ್ನುತ್ತಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಅವರು ಸುತ್ತುಗಟ್ಟಿ ರಾತ್ರಿಯಿಡೀ ಗೊರುಕನ ಹಾಡಿ ಕುಣಿಯುವುದನ್ನೂ ನಾನು ಒಮ್ಮೆ ಕೇಳಿದ್ದೇನೆ. ಅದರ ಬಗ್ಗೆ ಬರೆಯಲು ಸೋಲಿಗರೇ ಬೇಕು, ನಾನು ಸಾಲದು.

ಇನ್ನು ನನ್ನ ವರ್ಷದ ಆಲ್ಬಮ್ಮಿಗೆ ಬರುತ್ತೇನೆ. ಈ ಸಲದ ದೀಪಾವಳಿ ಜಾತ್ರೆಗೆ ಮಗಳನ್ನೂ ಕರೆದುಕೊಂಡು ಮಾದಪ್ಪನ ಬೆಟ್ಟಕ್ಕೆ ಹೋದೆ. ಚಾಮರಾಜನಗರ, ಕೊಳ್ಳೇಗಾಲ, ಹನೂರು ದಾಟಿ, ತಾಳಬೆಟ್ಟದಲ್ಲಿ ಬಸ್ಸಿಳಿದು ನಡೆದೆವು. ಬೇಡಗಂಪಣರ ಹೆಣ್ಣುಮಕ್ಕಳು ಹಾಲರವೆಯ ಕೊಡ ಹೊತ್ತು ಬರುವುದನ್ನು ನೋಡಬೇಕೆಂದು ಪರಸೆ ಹಿಂದಿನ ರಾತ್ರಿಯೇ ಸೇರಿತ್ತು. ಬಯಲಲ್ಲಿ ಒಲೆ ಹೂಡಿ ಅನ್ನ ಬೇಯಿಸಿದವರು, ಕಂಬಳಿ ಹೊದ್ದು ಮಲಗಿದವರು, ಅವರ ನಡುವೆ ನಾಲ್ಕು ಜನ ದೇವರಗುಡ್ಡರು. ಮೈಕಿರಲಿಲ್ಲ. ಸುತ್ತ ಕೂತಿದ್ದು ಮೂವತ್ತು ಜನ ಇರಬಹುದು.

ಮುಮ್ಮೇಳದ ಗುಡ್ಡಪ್ಪನಿಗೆ ಎಪ್ಪತ್ತರ ಮೇಲೆ ವಯಸ್ಸು. ಎಡಗೈಯಲ್ಲಿ ಬಟ್ಟಲಿನಂಥ ಕಂಚು, ಬಲಗೈಯಲ್ಲಿ ಚಪ್ಪಟೆ ತಾಳ, ಅದರ ನಡುವಿನ ತೂತಿನಿಂದ ಇಳಿಬಿಟ್ಟ ಗೊಂಡೆ. ಕಂಸಾಳೆ ಎಂದರೆ ಈಗ ಎಲ್ಲರ ಕಣ್ಣಿಗೆ ಬರುವುದು ವೇದಿಕೆಯ ಮೇಲೆ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಬೀಸುವ ಕುಣಿತ. ಇವರು ಕೂತಲ್ಲೇ ಕೂತು ನುಡಿಸಿದರು. ಕತೆ ಓಡುವಾಗ ತಾಳದ ಅಂಚು ಬಟ್ಟಲಿನ ಅಂಚಿಗೆ ತಾಗಿಯೂ ತಾಗದ ಹಾಗೆ ಗಿಲಿಗಿಲಿ ಅನ್ನಿಸುತ್ತಿದ್ದರು. ನೀಲೇಗೌಡ ಸಿಟ್ಟಿಗೆದ್ದಾಗ ಎರಡೂ ಪೂರ್ತಿ ಬಡಿದವು. ಸಂಕಮ್ಮನನ್ನು ಕಟ್ಟಿಹಾಕಿದ ಜಾಗಕ್ಕೆ ಬಂದಾಗ ತಾಳವನ್ನು ಬಟ್ಟಲಿನ ಮೇಲೆ ಮುಚ್ಚಿ ಒತ್ತಿ ಹಿಡಿದರು. ನಾದ ಅಲ್ಲೇ ಇಂಗಿ ಹೋಯಿತು. ಬರೀ ದನಿಯಲ್ಲಿ ನಾಲ್ಕು ಮಾತು ಹೇಳಿ ಸುಮ್ಮನಾದರು. ಹಿಂದೆ ಕೂತ ಮೂವರು ಸೊಲ್ಲು ಎತ್ತುವವರೆಗೆ ಒಲೆಯಲ್ಲಿ ಸೌದೆ ಚಟಗುಟ್ಟುವುದಷ್ಟೇ ಕೇಳುತ್ತಿತ್ತು.

ಭಾಷೆ ಕೊಡು ಎಂದು ನೀಲೇಗೌಡ ಮೂರನೇ ಸಲ ಕೇಳುವ ಜಾಗ ಬಂತು. ನನ್ನ ಪಕ್ಕ ಕಂಬಳಿಯೊಳಗೆ ಮಲಗಿದ್ದ ಅಜ್ಜಿಯೊಬ್ಬಳು ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದೆ. ಅವಳು ಎದ್ದು ಕೂತು, ಯಾರನ್ನೂ ನೋಡದೆ, ‘ಕೊಡ್ಬ್ಯಾಡ ಕನವ್ವ, ಭಾಷೆ ಕೊಡ್ಬ್ಯಾಡ’ ಅಂದಳು. ಗುಡ್ಡಪ್ಪ ಹಾಡು ನಿಲ್ಲಿಸಲಿಲ್ಲ. ಅಜ್ಜಿಯ ಕಡೆ ತಿರುಗಿ, ಸಂಕಮ್ಮ ಒಲ್ಲೆನೆನ್ನುವ ಮಾತನ್ನು ಮತ್ತೊಂದು ಸಲ, ಇನ್ನೂ ನಿಧಾನವಾಗಿ ಹಾಡಿದರು. ಆ ಸಲ ಸೊಲ್ಲಿಗೆ ಅಜ್ಜಿಯೂ ದನಿಗೂಡಿಸಿದಳು. ಅವಳ ಹಿಂದೆ ಇನ್ನಿಬ್ಬರು ಹೆಂಗಸರು, ಆಮೇಲೆ ನನ್ನ ಮಗಳು.

ಮಾನ್ಯರೇ, ನನ್ನ ವರ್ಷದ ಆಲ್ಬಂ ಅದು. ನಿಮ್ಮ ಲೆಕ್ಕದಲ್ಲಿ ಆ ರಾತ್ರಿ ನಾನು ಏನೂ ಕೇಳಿಲ್ಲ.

ಎರಡನೆಯದು ಒಂದು ಹಳೆಯ ಕ್ಯಾಸೆಟ್ಟು. ಮಳವಳ್ಳಿ ಮಹದೇವಸ್ವಾಮಿಯವರು ಹಾಡಿದ ಸಿದ್ದಪ್ಪಾಜಿ ಕತೆ. ನಮ್ಮಪ್ಪ ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿಯ ಒಕ್ಕಲು. ವರ್ಷಕ್ಕೊಮ್ಮೆ ಚಿಕ್ಕಲ್ಲೂರು ಜಾತ್ರೆಗೆ ಹೋಗಿ, ಚಂದ್ರಮಂಡಲ ಹೊತ್ತಿ ಉರಿಯುವುದನ್ನು ನೋಡಿ, ನೀಲಗಾರರ ತಂಬೂರಿ ಪದ ಕೇಳಿಕೊಂಡು ಬರುತ್ತಿದ್ದರು. ಉಳಿದ ದಿನಗಳಿಗೆ ಕ್ಯಾಸೆಟ್ಟು. ಹಲಗೂರಿನ ಪಾಂಚಾಳರ ಹತ್ತಿರ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಿ ನಿಂತಿರುವಾಗಲೇ ಒಂದು ಮಗ್ಗುಲು ಮುಗಿಯುತ್ತಿತ್ತು. ಅಪ್ಪ ಕ್ಯಾಸೆಟ್ಟು ತೆಗೆದು, ತಿರುಗಿಸಿ, ರೀಲು ಸಡಿಲವಾಗಿದ್ದರೆ ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಹಾಕುವವರೆಗೆ ನಾವು ಮಕ್ಕಳು ಮಾತಾಡುತ್ತಿರಲಿಲ್ಲ. ಭಿಕ್ಷೆ ಸಿಗುತ್ತದೋ ಇಲ್ಲವೋ ಎಂಬ ಭಯ. ಹತ್ತನೇ ಸಲ ಕೇಳುವಾಗಲೂ ಆ ಭಯ ಇದ್ದೇ ಇರುತ್ತಿತ್ತು. ಅಪ್ಪ ಹೋದ ಮೇಲೆ ಟೇಪ್‌ರೆಕಾರ್ಡರು ಅಟ್ಟ ಸೇರಿತು. ಈ ವರ್ಷ ರಿಪೇರಿ ಮಾಡಿಸಿ, ಅವರ ತಿಥಿಯ ದಿನ ಹಾಕಿದೆ. ನಡುವೆ ಒಂದು ಕಡೆ ರೀಲು ಸುಕ್ಕಾಗಿ ದನಿ ಎಳೆದುಕೊಂಡಿತು. ಅದು ಅಪ್ಪ ಪೆನ್ಸಿಲಿನಲ್ಲಿ ಸುತ್ತಿ ಸರಿಮಾಡಿದ್ದ ಜಾಗ ಎಂದು ಅವ್ವ ಗುರುತಿಸಿದಳು.

ಆ ಕ್ಯಾಸೆಟ್ಟಿನ ಹೊದಿಕೆ ಇನ್ನೂ ಇದೆ. ಅದರ ಮೇಲೆ ಹಾಡಿದವರ ಫೋಟೊ ಇದೆ, ಹೆಸರಿದೆ, ಹೆಸರಿನ ಮುಂದೆ ಊರಿದೆ. ಸಂತೆಯಲ್ಲಿ ಗೋಣಿತಾಟಿನ ಮೇಲೆ ಹರವಿ ಮಾರುತ್ತಿದ್ದ ಮಾಲಿನಲ್ಲೂ ಅಷ್ಟು ಮರ್ಯಾದೆ ಇತ್ತು. ಮಾದಪ್ಪನ ಕತೆಯನ್ನು ಪುಸ್ತಕ ಮಾಡಿದವರೂ ಹಾಗೆಯೇ. ಪಿ.ಕೆ. ರಾಜಶೇಖರ 1973ರಲ್ಲಿ ‘ಮಲೆಯ ಮಾದೇಶ್ವರ’ ಹೊರತಂದರು. ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಾಗಿ ಕೇಶವನ್ ಪ್ರಸಾದ್ ಮತ್ತೆ ಈ ಕಾವ್ಯ ಸಂಗ್ರಹಿಸಿದಾಗ, ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಎಂದು ದಾಖಲಿಸಿದರು. 2001ರಲ್ಲಿ ಸಾಹಿತ್ಯ ಅಕಾಡೆಮಿ ಅದನ್ನು ಇಂಗ್ಲಿಷಿಗೆ ತಂದಾಗಲೂ ಆ ಹೆಸರು ಜೊತೆಗೇ ಹೋಯಿತು. ಲಕ್ಷಾಂತರ ಹಾಡು ಇಟ್ಟುಕೊಂಡು, ನಾನು ಯಾವುದನ್ನು ಎಷ್ಟು ಸೆಕೆಂಡು ಕೇಳಿದೆ ಎಂದು ಎಣಿಸಬಲ್ಲ ನಿಮಗೆ ಹೆಸರು ಬರೆಯುವ ಒಂದು ಖಾನೆ ತುಂಬಲು ಆಗಲಿಲ್ಲ ಎಂದರೆ ನನಗೆ ಸಂಕಟವಾಗುತ್ತದೆ.

ಹೆಸರು ಬರೀ ಗೌರವದ ಮಾತಲ್ಲ. ನಮ್ಮ ದೇಶದ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ, ಹಾಡಿದವರಿಗೂ ತಮ್ಮ ಹಾಡಿನ ವ್ಯಾಪಾರದಿಂದ ರಾಯಲ್ಟಿ ಪಡೆಯುವ ಹಕ್ಕು ಬಂದಿದೆ. ಪದ ಕಟ್ಟಿದವರು ಯಾರೆಂದು ಹೇಳಲಾಗದು, ಅದು ಸಮುದಾಯದ್ದು, ಒಪ್ಪುತ್ತೇನೆ. ಹಾಡಿದವರು ಯಾರೆಂದು ಹೇಳಬಹುದು. ಅವರು ಒಂದು ಹಳ್ಳಿಯಲ್ಲಿ ಬದುಕಿದ್ದಾರೆ, ಯಾರೋ ಒಬ್ಬರು ಅವರ ಮುಂದೆ ಮೈಕು ಹಿಡಿದಿದ್ದಾರೆ. ‘ಸಾಂಪ್ರದಾಯಿಕ’ ಎಂದು ಬರೆದ ಮೇಲೆ ಆ ಹಣ ಅವರ ಮನೆ ಬಾಗಿಲಿಗೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ಭಿಕ್ಷೆಯ ವ್ರತ ಹಿಡಿದು ಮನೆಮನೆ ತಿರುಗಿ ಮಾದಪ್ಪನ ಪದ ಹಾಡಿದವರು ಇವರು. ಜನ ಇವರ ಜೋಳಿಗೆಗೆ ರಾಗಿ, ಅಕ್ಕಿ ಹಾಕುವಾಗ ಎದುರಿಗಿದ್ದವರ ಮುಖ ನೋಡಿ ಹಾಕುತ್ತಿದ್ದರು.

ಆದ್ದರಿಂದ ಕೇಳುತ್ತೇನೆ. ಹಾಡಿದವರ ಹೆಸರು ಬರೆಯಿರಿ. ಸೊಲ್ಲು ಹಿಡಿದವರ ಹೆಸರನ್ನೂ ಬರೆಯಿರಿ, ಅವರಿಲ್ಲದೆ ಮುಮ್ಮೇಳದವರಿಗೆ ಉಸಿರು ತೆಗೆದುಕೊಳ್ಳಲು ಸಮಯವಿರುವುದಿಲ್ಲ. ತುಂಡು ಯಾವ ಸಾಲಿನದು ಎಂದು ಬರೆಯಿರಿ, ನನ್ನ ಮಗಳಂಥವರು ‘ಆಮೇಲೆ ಏನಾಯ್ತು’ ಎಂದು ಕೇಳಿದಾಗ ಹುಡುಕಿಕೊಂಡು ಹೋಗಲಿ. ಇಡೀ ಸಾಲಿನ ರೆಕಾರ್ಡಿಂಗ್ ಇದ್ದರೆ ಅದನ್ನು ಇಡಿಯಾಗಿಯೇ ಹಾಕಿ. ರಾತ್ರಿ ಪೂರ್ತಿ ಕೇಳುವವರು ಇಲ್ಲ ಎಂದು ನೀವು ಅಂದುಕೊಂಡಿದ್ದರೆ, ಮದ್ದೂರು ಗೇಟಿನಲ್ಲೂ ಊಟಿ ರಸ್ತೆಯ ಮೇಲುಕಾಮನಹಳ್ಳಿ ಗೇಟಿನಲ್ಲೂ ಪ್ರತಿ ರಾತ್ರಿ ನಾವು ಇದ್ದೇವೆ.

ಬೆಟ್ಟದ ಆ ರಾತ್ರಿ ಹಾಡು ಮುಗಿದು ಮಂಗಳ ಹೇಳಿದಾಗ ಮೂಡಲಲ್ಲಿ ಬೆಳಕು ಹರಿದಿತ್ತು. ಗುಡ್ಡಪ್ಪ ಕಂಸಾಳೆಯನ್ನು ಬಟ್ಟೆಯಲ್ಲಿ ಸುತ್ತಿ ಕಣ್ಣಿಗೊತ್ತಿಕೊಂಡು ಚೀಲಕ್ಕಿಟ್ಟರು. ನಾನು ಎಲೆ ಅಡಿಕೆ ಕೊಟ್ಟು, ‘ತಮ್ಮ ಹೆಸರು ಬುದ್ದಿ?’ ಎಂದು ಕೇಳಿದೆ. ಮೊದಲು ದೀಕ್ಷೆ ಕೊಟ್ಟ ಗುರುವಿನ ಹೆಸರು ಹೇಳಿದರು. ಆಮೇಲೆ ಊರಿನ ಹೆಸರು. ಆಮೇಲೆ ಪಕ್ಕದಲ್ಲಿದ್ದ ಮೂವರ ಹೆಸರು, ಒಬ್ಬೊಬ್ಬರ ಹೆಗಲು ಮುಟ್ಟಿ. ಕೊನೆಗೆ ತಮ್ಮದು. ಮಗಳು ಅವನ್ನೆಲ್ಲ ನನ್ನ ಜೇಬಿನಲ್ಲಿದ್ದ ಮಂಡಿ ಚೀಟಿಯ ಹಿಂದೆ ಬರೆದುಕೊಂಡಳು. ಇಲ್ಲಿ ಬರೆಯುತ್ತಿಲ್ಲ, ಅವರನ್ನು ಕೇಳದೆ ಬರೆಯಬಾರದು. ಶಿವರಾತ್ರಿ ಜಾತ್ರೆಗೆ ಮತ್ತೆ ಬರುತ್ತೇವೆ ಎಂದಿದ್ದಾರೆ, ಆಗ ಕೇಳುತ್ತೇನೆ. ಚೀಟಿಯನ್ನು ಕ್ಯಾಂಟರಿನ ಪೆಟ್ಟಿಗೆಯಲ್ಲಿ, ಆರ್‌ಸಿ ಮತ್ತು ಪರ್ಮಿಟ್ಟಿನ ಜೊತೆ ಇಟ್ಟಿದ್ದೇನೆ. ಯಾವ ಖಾನೆಯಲ್ಲಿ ತುಂಬಬೇಕು ಎಂದು ಅಷ್ಟರೊಳಗೆ ತಿಳಿಸಿ.

ಇಂತಿ,
ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ಕೇಳುಗ