ನಾನಾ? ನಾನಲ್ಲ! – ಗುಜರಿ ಅಂಗಡಿಯಲ್ಲಿ ಸಿಕ್ಕ ಒಂದು ಠಸ್ಸೆಯ ಸಂದರ್ಶನ

ಕೆಂಗೇರಿ ಉಪನಗರದ ಆ ಗುಜರಿ ಅಂಗಡಿಗೆ ನಾನು ಹೋದದ್ದು ಹಳೇ ಪೇಪರ್ ಹಾಕಲು. ಭಾಯ್ ತೂಕ ಮಾಡುತ್ತಿರುವಾಗ ಪಕ್ಕದ ಬಿಸ್ಕತ್ ಡಬ್ಬ ಕಣ್ಣಿಗೆ ಬಿತ್ತು. ಯಾವುದೋ ಆಫೀಸು ಖಾಲಿ ಮಾಡಿದಾಗ ಬಂದ ಸರಕು. ತುಕ್ಕು ಹಿಡಿದ ಪಂಚಿಂಗ್ ಮಷೀನು, ಫೈಲ್ ಟ್ಯಾಗುಗಳ ಕಟ್ಟು, ಒಣಗಿದ ಇಂಕ್ ಪ್ಯಾಡು, ಮರದ ಹಿಡಿಯ ಒಂದು ರಬ್ಬರ್ ಠಸ್ಸೆ. ಠಸ್ಸೆಯ ಅಕ್ಷರ ಯಾವತ್ತೂ ಉಲ್ಟಾ. ಇನ್ನೊಬ್ಬರ ಕಾಗದದ ಮೇಲೆ ಬಿದ್ದಾಗಲೇ ಅದಕ್ಕೆ ಅರ್ಥ. ಅಂಗೈಗೆ ಒತ್ತಿಕೊಂಡೆ. ಎನ್, ಎ, ಎನ್, ಎ ಎಂದು ನಾಲ್ಕು ಇಂಗ್ಲಿಷ್ ಅಕ್ಷರ ಮಸುಕಾಗಿ ಮೂಡಿದವು. ‘ನಾನಾ’ ಎಂದು ಜೋರಾಗಿ ಓದಿದೆ.

“ಯಾರು, ನಾನಾ?” ಎಂದಿತು ಠಸ್ಸೆ.

ಮಿಲಿಟರಿಯಿಂದ ಬಂದವರಿಗೆ ಈ ನಾಲ್ಕಕ್ಷರ ಚೆನ್ನಾಗಿ ಗೊತ್ತು. ‘ನೈದರ್ ಆಟ್ರಿಬ್ಯೂಟಬಲ್ ನಾರ್ ಅಗ್ರವೇಟೆಡ್’. ಅಂದರೆ, ನಿನ್ನ ಕಾಯಿಲೆ ಸೇವೆಯಿಂದ ಹುಟ್ಟಿದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಡಿಸೆಬಿಲಿಟಿ ಪೆನ್ಷನ್ ಕೇಳಿದವನ ಮೆಡಿಕಲ್ ಬೋರ್ಡ್ ಕಾಗದದಲ್ಲಿ ಈ ಮಾತು ಬಿತ್ತೆಂದರೆ ಅಲ್ಲಿಗೆ ಪೆನ್ಷನ್ ಮುಗಿಯಿತು, ಅಲೆದಾಟ ಶುರುವಾಯಿತು. ಅಂಥದ್ದೊಂದು ಠಸ್ಸೆ ಕೈಗೆ ಸಿಕ್ಕರೆ ಬಿಡುವುದುಂಟೇ? ಭಾಯ್ ಟೀ ತರಿಸಿದರು. ಕೂತೆ.

(ಮುಂದೆ ‘ನಾನು’ ಎಂದರೆ ನಾನು, ‘ನಾನಾ’ ಎಂದರೆ ಅದು. ಕೊಂಬು ಇರುವುದು ನನಗೆ. ಹಾಯುವುದು ಮಾತ್ರ ಅದು.)

ನಾನು: ನಿಮ್ಮ ಕೆಲಸ ಏನಿತ್ತು?

ನಾನಾ: ಬೀಳೋದು. ಎತ್ತಿದರೆ ಬೀಳೋದು. ಯೋಚನೆ ಮಾಡೋದು ನನ್ನ ಡ್ಯೂಟಿ ಪಟ್ಟಿಯಲ್ಲಿ ಇರಲಿಲ್ಲ.

ನಾನು: ಹಾಗಾದರೆ ಪೆನ್ಷನ್ ಇಲ್ಲ ಅಂತ ತೀರ್ಮಾನ ಮಾಡುತ್ತಿದ್ದವರು?

ನಾನಾ: ನಾನಾ? ನಾನಲ್ಲಪ್ಪ. ಬೋರ್ಡು. ಬೋರ್ಡನ್ನು ಕೇಳಿದರೆ ‘ನಾವು ಅಭಿಪ್ರಾಯ ಕೊಟ್ಟದ್ದಷ್ಟೇ’ ಅನ್ನುತ್ತೆ. ಮೇಲಿನವರನ್ನು ಕೇಳಿದರೆ ‘ಬೋರ್ಡ್ ಹೇಳಿದೆಯಲ್ಲ’ ಅನ್ನುತ್ತಾರೆ. ಹೀಗೆ ಯಾರೂ ಮಾಡದೆಯೇ ಕೆಲಸ ಆಗಿಬಿಡುತ್ತಿತ್ತು. ಅದೇ ಅದರ ಚೆಂದ.

ನಾನು: ಆದರೆ 1982ರ ನಿಯಮಾವಳಿ ಬೇರೆ ಮಾತು ಹೇಳುತ್ತಿತ್ತಲ್ಲ? ಭರ್ತಿಯಾಗುವಾಗ ಕಾಯಿಲೆ ಇತ್ತೆಂದು ದಾಖಲೆಯಲ್ಲಿ ಇಲ್ಲದಿದ್ದರೆ ಅವನು ಆರೋಗ್ಯವಾಗಿದ್ದ ಅಂತಲೇ ತಿಳಿಯಬೇಕು. ರುಜುವಾತು ಮಾಡುವ ಹೊರೆ ಅವನ ಮೇಲಿಲ್ಲ. ಅನುಮಾನ ಬಂದರೆ ಅದರ ಲಾಭವೂ ಅವನಿಗೇ.

ನಾನಾ: ಬರೆದವರು ಯಾರೋ ಮೃದು ಹೃದಯದವರು. ಪುಣ್ಯಕ್ಕೆ, ನಿಯಮ ಇರೋದು ಪುಸ್ತಕದಲ್ಲಿ. ಠಸ್ಸೆ ಇರೋದು ಮೇಜಿನ ಮೇಲೆ.

ನಾನು: ಭರ್ತಿಯ ದಿನ ಎದೆ ಅಳೆದು, ಮೈಲಿಗಟ್ಟಲೆ ಓಡಿಸಿ, ಹಲ್ಲು ಎಣಿಸಿ, ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಫಿಟ್ ಅಂತ ತೆಗೆದುಕೊಂಡವನು. ಇಪ್ಪತ್ತು ವರ್ಷ ಆದ ಮೇಲೆ ‘ಈ ರೋಗ ನಿನ್ನಲ್ಲಿ ಮೊದಲಿಂದಲೂ ಇತ್ತು’ ಅಂದರೆ?

ನಾನಾ: ಅದಕ್ಕೂ ನಮ್ಮಲ್ಲಿ ಒಂದು ಮಾತಿದೆ. ‘ಕಾನ್‌ಸ್ಟಿಟ್ಯೂಶನಲ್ ಡಿಸಾರ್ಡರ್’.

ನಾನು: ಸಂವಿಧಾನದಲ್ಲಿ ಬರೆದಿರುವ ರೋಗವೇ?

ನಾನಾ: ದೇಹದ ಸಂವಿಧಾನ ಸ್ವಾಮಿ. ಹುಟ್ಟುಗುಣ. ಅಪ್ಪ ಅಮ್ಮ ಕೊಟ್ಟಿದ್ದು. ಸರ್ಕಾರ ಕೊಟ್ಟಿದ್ದು ಬೂಟು ಮಾತ್ರ. ಅದನ್ನು ವಾಪಸ್ ತಗೊಂಡಿದೀವಿ.

ಇಷ್ಟರಲ್ಲಿ ಪಕ್ಕದ ಜೆರಾಕ್ಸ್ ಅಂಗಡಿಯಿಂದ ಹಿರಿಯರೊಬ್ಬರು ಫೈಲ್ ಬಗಲಲ್ಲಿಟ್ಟುಕೊಂಡು ಈಚೆ ಬಂದರು. ಹವಾಲ್ದಾರ್ ಆಗಿ ನಿವೃತ್ತಿ. ಮದ್ರಾಸ್ ಸ್ಯಾಪರ್ಸ್‌ನವರು, ಅಂದರೆ ಹಲಸೂರಿನ ಎಂಇಜಿಯ ‘ತಂಬಿ’. ಈಗ ಮೈಸೂರು ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ಠಸ್ಸೆಯನ್ನು ಕಂಡವರೇ ನಿಂತುಬಿಟ್ಟರು, ಹಳೇ ಸಾಲಗಾರ ಎದುರಾದವರಂತೆ. ಸಾಲ ಕೊಟ್ಟವರು ಇವರು ಅನ್ನುವುದನ್ನು ಮರೆಯಬೇಡಿ.

ನಾನು: ಬನ್ನಿ ಯಜಮಾನರೇ, ಟೀ ಕುಡಿಯಿರಿ. ಇದು ನಿಮಗೆ ಪರಿಚಯವೇ?

ಹವಾಲ್ದಾರ್: ಪರಿಚಯವೇ? ನನ್ನ ಬಿಪಿ ಕಾಗದದ ಮೇಲೆ ಇದರ ವಂಶದವರೇ ಕೂತಿರೋದು. ಮೂವತ್ತು ಪರ್ಸೆಂಟ್ ಡಿಸೆಬಿಲಿಟಿ ಅಂತ ಬರೆದು, ಪಕ್ಕದಲ್ಲೇ ನಾನಾ.

ನಾನಾ: ಎಲ್ಲಿ ಪತ್ತೆಯಾಯ್ತು? ಗಡಿಯ ಫೀಲ್ಡೋ, ಊರೊಳಗಿನ ಪೀಸೋ?

ಹವಾಲ್ದಾರ್: ಪೀಸ್ ಸ್ಟೇಷನ್.

ನಾನಾ: ನೋಡಿದಿರಾ! ಲೇಹ್‌ನಲ್ಲಿ ಬಂದಿದ್ದರೆ ನಮ್ಮದು. ಪೀಸ್‌ನಲ್ಲಿ ಬಂದಿದ್ದು ಅವರ ಮನೆಯದು. ಕಾಯಿಲೆಗೂ ಮೂವ್‌ಮೆಂಟ್ ಆರ್ಡರ್ ಇರಬೇಕು ಸ್ವಾಮಿ. ಸುಮ್ಮನೆ ಎಲ್ಲೆಂದರಲ್ಲಿ ಕಾಣಿಸ್ಕೊಂಡರೆ?

ಹವಾಲ್ದಾರ್: ಅಲ್ಲಯ್ಯಾ, ಆ ಎತ್ತರದಲ್ಲಿ ಹಿಮದೊಳಗೆ ಸೇತುವೆ ಕಟ್ಟೋವಾಗ ಬಿಪಿ ನೋಡಿಸ್ಕೊಳ್ಳೋಕೆ ಪುರುಸೊತ್ತು ಎಲ್ಲಿತ್ತು? ಕೆಳಗಿಳಿದ ಮೇಲೆ ತಾನೇ ಡಾಕ್ಟರು ಪಟ್ಟಿ ಕಟ್ಟಿ ನೋಡಿದ್ದು?

ಇದಕ್ಕೆ ಕೆಂಗೇರಿಯವರಿಗೆ ಸಾಕ್ಷಿ ಬೇಕಿಲ್ಲ. ವೃಷಭಾವತಿ ನದಿ ಹುಟ್ಟುವುದು ಬಸವನಗುಡಿ, ಮಲ್ಲೇಶ್ವರದ ಕಡೆ. ಊರಿನ ಕೊಳೆಯನ್ನೆಲ್ಲ ಹೊತ್ತು ಮೈಸೂರು ರಸ್ತೆಯುದ್ದಕ್ಕೂ ಬಂದು ನಮ್ಮ ಮೂಗಿಗೆ ಬಡಿಯುತ್ತದೆ. ನಾರುವುದು ಕೆಂಗೇರಿಯಲ್ಲಿ, ಹಾಗಾಗಿ ಕೊಳೆಯೂ ಕೆಂಗೇರಿಯದೇ ಎಂದು ಮಲ್ಲೇಶ್ವರದವರು ಠಸ್ಸೆ ಒತ್ತಿದರೆ ಹೇಗಿರುತ್ತದೆ, ಹಾಗಿದೆ ಈ ಪೀಸ್ ಸ್ಟೇಷನ್ ವಾದ. ಪೀಸ್‌ನಲ್ಲಿ ಕಾಣಿಸಿತು ಎಂಬ ಒಂದೇ ಕಾರಣಕ್ಕೆ ಪೆನ್ಷನ್ ತಡೆಯುವಂತಿಲ್ಲ, ಮಿಲಿಟರಿ ನೌಕರಿ ಎಲ್ಲಿದ್ದರೂ ಒತ್ತಡದ್ದೇ ಎಂದು 2025ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಠಸ್ಸೆಗೆ ಓದಿ ಹೇಳಿದೆ. “ನನಗೆ ಕಾಪಿ ಬಂದಿಲ್ಲ” ಎಂದಿತು.

ನಾನು: ಸರಿ, ಲೆಕ್ಕಕ್ಕೆ ಬರೋಣ. ನಿಮಗೆ ಇಷ್ಟವಾದ ಸಂಖ್ಯೆ?

ನಾನಾ: 19.

ನಾನು: ಕಾರಣ?

ನಾನಾ: 20 ಪರ್ಸೆಂಟ್ ಆದರೆ ಪೆನ್ಷನ್ ಬಾಗಿಲು. 15ರಿಂದ 19 ಅಂದರೆ ಹೊಸ್ತಿಲು. ಹೊಸ್ತಿಲ ಮೇಲೆ ಕೂರಬಾರದು ಅಂತ ನಿಮ್ಮ ಹಿರಿಯರೇ ಹೇಳಿಲ್ಲವೇ?

ನಾನು: ಕಾಯಿಲೆಯಿಂದಾಗಿ ಸೈನ್ಯವೇ ಅವನನ್ನು ಹೊರಗೆ ಕಳಿಸಿದ್ದರೆ, ವೈಕಲ್ಯ ಇಪ್ಪತ್ತಕ್ಕಿಂತ ಹೆಚ್ಚೆಂದೇ ತಿಳಿಯಬೇಕು ಅಂತ 2014ರಲ್ಲಿ ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ. ಕೆಲಸಕ್ಕೆ ಬಾರದವನು ಅಂತ ಕಳಿಸೋದು, ಪೆನ್ಷನ್ ಕೊಡುವಷ್ಟು ಕೆಟ್ಟಿಲ್ಲ ಅಂತಲೂ ಹೇಳೋದು, ಎರಡೂ ಹೇಗೆ?

ನಾನಾ: ಎರಡು ಬೇರೆ ಬೇರೆ ಕಾಲಮ್ಮು.

ಹವಾಲ್ದಾರರು ಜೆರಾಕ್ಸ್ ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ನೂರು ಪರ್ಸೆಂಟ್ ವೈಕಲ್ಯಕ್ಕೆ ಕೊನೆಯ ಸಂಬಳದ ಶೇ. 30. ಮೂಲ ವೇತನ 40,000 ಎಂದಿಟ್ಟುಕೊಂಡರೆ ತಿಂಗಳಿಗೆ 12,000 ರೂಪಾಯಿ. ಮೂವತ್ತು ಪರ್ಸೆಂಟಿನವನಿಗೆ ಅದರಲ್ಲಿ 3,600. ಆದರೆ 50ಕ್ಕಿಂತ ಕಡಿಮೆ ಇದ್ದುದನ್ನು 50ಕ್ಕೇರಿಸುವ ‘ರೌಂಡಿಂಗ್ ಆಫ್’ ಇದೆ, ಆಗ 6,000. ಜೊತೆಗೆ ತುಟ್ಟಿಭತ್ಯೆ. ಈ ಏರಿಕೆ ಕಾಯಿಲೆಯಿಂದ ಅರ್ಧಕ್ಕೆ ಹೊರಬಿದ್ದವರಿಗೆ ಮಾತ್ರ, ಅವಧಿ ಮುಗಿಸಿ ನಿವೃತ್ತರಾದವರಿಗಿಲ್ಲ ಎಂದು ಸರ್ಕಾರ ವರ್ಷಗಟ್ಟಲೆ ಜಗ್ಗಾಡಿತು. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ನೂರಾರು ಮೇಲ್ಮನವಿಗಳನ್ನು ಒಟ್ಟಿಗೇ ವಜಾ ಮಾಡಿ, ಎಲ್ಲರಿಗೂ ಕೊಡಿ ಎಂದಿತು. ರಾತ್ರಿ ಪಾಳಿಯ ಒಬ್ಬ ಕಾವಲುಗಾರನಿಗೆ ತಿಂಗಳಿಗೆ ಆರು ಸಾವಿರವೆಂದರೆ ಏನು ಎಂಬುದನ್ನು ಠಸ್ಸೆಗೆ ವಿವರಿಸುವ ಗೋಜಿಗೆ ನಾನು ಹೋಗಲಿಲ್ಲ.

ನಾನು: ಧರಮ್‌ವೀರ್ ಸಿಂಗ್ ನೆನಪಿದೆಯೇ?

ನಾನಾ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಆ ಹೆಸರು ಎತ್ತಬೇಡಿ.

ನಾನು: ಸಿಗ್ನಲ್ಸ್‌ನ ಸಿಪಾಯಿ. 1985ರಲ್ಲಿ ಭರ್ತಿ, ಒಂಬತ್ತು ವರ್ಷ ಸೇವೆ, 1994ರಲ್ಲಿ ಮೂರ್ಛೆ ರೋಗದ ಕಾರಣಕ್ಕೆ ಮನೆಗೆ. ಹೈಕೋರ್ಟಿನಲ್ಲಿ ಒಮ್ಮೆ ಗೆದ್ದ, ಅದೇ ಕೋರ್ಟಿನ ಮೇಲಿನ ಪೀಠದಲ್ಲಿ ಸೋತ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವನ ಕಡೆ ನಿಂತಿತು. ಬೋರ್ಡು ಕಾರಣ ಬರೆಯದೆ ಬರೀ ಅಭಿಪ್ರಾಯ ಕೊಟ್ಟರೆ ಸಾಲದು ಎಂದಿತು.

ನಾನಾ: 1994ರಿಂದ 2013. ಎಷ್ಟಾಯ್ತು?

ನಾನು: ಹತ್ತೊಂಬತ್ತು ವರ್ಷ.

ನಾನಾ: ಹೇಳಲಿಲ್ಲವೇ, ನನಗೆ ಆ ಸಂಖ್ಯೆ ಇಷ್ಟ ಅಂತ.

ನಾನು: ಇಷ್ಟೆಲ್ಲ ಸೋತ ಮೇಲೂ ಸರ್ಕಾರ ಸೈನಿಕನ ಮೇಲೆ ಮೇಲ್ಮನವಿ ಹೋಗುವುದು ನಿಲ್ಲಲಿಲ್ಲ.

ನಾನಾ: ಅಭ್ಯಾಸಬಲ. 2015ರಲ್ಲಿ ರಕ್ಷಣಾ ಮಂತ್ರಿ ಪರ್ರೀಕರ್ ಒಂದು ತಜ್ಞರ ಸಮಿತಿ ಮಾಡಿದರು. ಇಂಥ ಮೇಲ್ಮನವಿ ಬಿಡಿ ಅಂತ ಸಮಿತಿ ಬರೆಯಿತು. ವರದಿ ದಪ್ಪಗಿತ್ತು. ಒಂದು ಬೇಸಿಗೆಯಲ್ಲಿ ಫ್ಯಾನಿನ ಗಾಳಿಗೆ ಫೈಲುಗಳು ಹಾರದಂತೆ ಅದನ್ನೇ ಮೇಲಿಟ್ಟಿದ್ದರು.

ಹವಾಲ್ದಾರ್: ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅದು. ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್ ಬಂದಿದ್ದು 2009ರಲ್ಲಿ. ಫೌಜಿಗೆ ಬೇಗ ನ್ಯಾಯ ಸಿಗಲಿ ಅಂತ. ದಕ್ಷಿಣದಲ್ಲಿ ಪೀಠ ಎಲ್ಲೆಲ್ಲಿ? ಚೆನ್ನೈ, ಕೊಚ್ಚಿ. ಇಷ್ಟೊಂದು ಮಿಲಿಟರಿ ಇರೋ ಬೆಂಗಳೂರಿಗೆ ಒಂದು ಕಾಯಂ ಪೀಠ ಇಲ್ಲ. 2023ರಲ್ಲಿ ಸುಪ್ರೀಂ ಕೋರ್ಟು, ಟ್ರಿಬ್ಯುನಲ್ ಆದೇಶದ ಮೇಲೆ ಹೈಕೋರ್ಟಿಗೆ ರಿಟ್ ಹೋಗಬಹುದು ಅಂತು. ನಮಗೊಂದು ಬಾಗಿಲು ತೆರೀತು ಅಂತ ಖುಷಿಪಟ್ಟೆ. ನಾನು ಚಪ್ಪಲಿ ಹಾಕ್ಕೊಳ್ಳೋದರೊಳಗೆ ಅದೇ ಬಾಗಿಲಲ್ಲಿ ಸರ್ಕಾರದ ವಕೀಲರು ಕ್ಯೂ ನಿಂತಿದ್ದರು.

ನಾನು: ನಿಮಗೆ ದಾರಿ ತೋರಿಸಿದವರು?

ಹವಾಲ್ದಾರ್: ಮೊದಲು ಸಿಕ್ಕಿದವನು ಒಬ್ಬ ಏಜೆಂಟು. ‘ಬಂದ ಅರಿಯರ್ಸ್‌ನಲ್ಲಿ ನನಗೆ ಇಷ್ಟು ಪರ್ಸೆಂಟ್’ ಅಂದ. ಅಲ್ಲೂ ಪರ್ಸೆಂಟು! ನಮ್ಮ ದೇಶದಲ್ಲಿ ವಕೀಲರು ಗೆದ್ದ ಹಣದಲ್ಲಿ ಪಾಲು ಕೇಳೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ ಅಂತ ಆಮೇಲೆ ಗೊತ್ತಾಯ್ತು. ಅಮೆರಿಕದಲ್ಲಿ ಮಾಜಿ ಸೈನಿಕರ ವಕೀಲರು ಬಾಕಿ ಹಣದಲ್ಲಿ ಶೇಕಡ ಇಪ್ಪತ್ತು ತಗೋಬಹುದಂತೆ, ಅಲ್ಲಿರೋ ಮಗಳು ಹೇಳಿದಳು. ಇಲ್ಲಿ ಹಾಗಲ್ಲ. ಆಮೇಲೆ ಕಾರಿಯಪ್ಪ ಭವನಕ್ಕೆ ಹೋದೆ, ಸೈನಿಕ ಕಲ್ಯಾಣ ಇಲಾಖೆಗೆ. 2025ರ ಜುಲೈ 26ರಂದು, ಕಾರ್ಗಿಲ್ ದಿನವೇ, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದವರು ‘ವೀರ್ ಪರಿವಾರ್ ಸಹಾಯತಾ’ ಅಂತ ಒಂದು ಯೋಜನೆ ಶುರು ಮಾಡಿದಾರೆ. ಸೈನಿಕ ಬೋರ್ಡುಗಳಲ್ಲೇ ಕಾನೂನು ನೆರವು ಕೇಂದ್ರ, ವಕೀಲರು, ಸ್ವಯಂಸೇವಕರು.

ನಾನಾ: ಉಚಿತವಾ?

ನಾನು: 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಅಂಗವಿಕಲರಿಗೆ ಉಚಿತ ನೆರವು ಉಂಟು.

ನಾನಾ: ಆಹಾ! ಅಂಗವಿಕಲ ಹೌದೋ ಅಲ್ಲವೋ ಅನ್ನೋದೇ ಕೇಸು. ಮೊದಲು ಅಂಗವಿಕಲ ಅಂತ ಸಾಬೀತು ಮಾಡಿ, ಆಮೇಲೆ ವಕೀಲರನ್ನು ತಗೊಳ್ಳಿ. ಇಂಥ ಜೋಡಣೆಯನ್ನು ನಮ್ಮ ಆಫೀಸಿನಲ್ಲೂ ಕಂಡಿರಲಿಲ್ಲ.

ಠಸ್ಸೆ ನಕ್ಕದ್ದು ಅದೊಂದೇ ಸಲ. ತಮಾಷೆ ಚೆನ್ನಾಗಿದೆ, ಆದರೆ ಪೂರ್ತಿ ನಿಜವಲ್ಲ. ಬೋರ್ಡೇ ಮೂವತ್ತು ಪರ್ಸೆಂಟ್ ಎಂದು ಬರೆದುಕೊಟ್ಟಿರುತ್ತದೆ. ಜಗಳ ಇರುವುದು ಕಾರಣದ ಬಗ್ಗೆ. ಹಾಗಾಗಿ ಮೊದಲು ಕೈಗೆ ಬರಬೇಕಾದದ್ದು ಎಎಫ್‌ಎಂಎಸ್‌ಎಫ್-16 ಎಂಬ ಆ ಬೋರ್ಡ್ ಕಾಗದದ ಪ್ರತಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬೇಕು. ಆಮೇಲೆ ಮೊದಲ ಮೇಲ್ಮನವಿ, ಎರಡನೆಯದು, ಟ್ರಿಬ್ಯುನಲ್. ವಕೀಲರಿಲ್ಲದೆ ಖುದ್ದಾಗಿ ನಿಂತು ವಾದಿಸಲೂ ಅವಕಾಶವಿದೆ. ತಡವಾಯಿತೆಂದು ಬಿಡುವವರೇ ಹೆಚ್ಚು. ಪೆನ್ಷನ್ ತಪ್ಪಿದ್ದು ತಿಂಗಳು ತಿಂಗಳೂ ಮರುಕಳಿಸುವ ಅನ್ಯಾಯ, ತಡವಾಗಿ ಬಂದರೂ ಕೇಳಬಹುದು, ಆದರೆ ಬಾಕಿ ಸಾಮಾನ್ಯವಾಗಿ ಹಿಂದಿನ ಮೂರು ವರ್ಷದ್ದಷ್ಟೇ ಎಂದು 2008ರ ತರ್ಸೇಮ್ ಸಿಂಗ್ ತೀರ್ಪು. ಅಂದರೆ ಸುಮ್ಮನೆ ಕೂತವನ ಹಣ ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಸೋರುತ್ತಿರುತ್ತದೆ.

“ಹೊಸ ನಿಯಮ 2023ರಲ್ಲಿ ಬಂದಿದೆ, ಗೊತ್ತಿರಲಿ,” ಎಂದಿತು ಠಸ್ಸೆ, ಹೆದರಿಸುವ ಧಾಟಿಯಲ್ಲಿ. ಹವಾಲ್ದಾರರು ಅದಕ್ಕೂ ಮುಂಚೆಯೇ ನಿವೃತ್ತರಾದವರು, ಅದು ಅವರಿಗೆ ತಾಗದು. ಫೈಲಿನ ದಾರ ಬಿಗಿದು ಎದ್ದರು. ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯಲು ರೈಲು ಹತ್ತಬೇಕಾದವರು, ಟಿಕೆಟ್ ಮಾಡಿಸಬೇಕಂತೆ. ಮೆಟ್ರೋ ನಿಲ್ದಾಣದ ಕಡೆ ಹೊರಟರು, ನಡಿಗೆ ಈಗಲೂ ಪರೇಡಿನದ್ದೇ, ಅರ್ಧ ದಾರಿಯಲ್ಲಿ ಒಮ್ಮೆ ನಿಂತು ಉಸಿರೆಳೆದುಕೊಂಡದ್ದು ಬಿಟ್ಟರೆ.

ಭಾಯ್ ಠಸ್ಸೆಯನ್ನು ಎತ್ತಿ ತಿರುಗಿಸಿ ನೋಡಿದರು. “ಮರಕ್ಕೆ ರೇಟಿಲ್ಲ ಸಾರ್. ರಬ್ಬರ್ ಬೇರೆ ಬಿರುಕು ಬಿಟ್ಟಿದೆ.”

ನಾನಾ: ಬಿರುಕು ಬಿಟ್ಟಿದ್ದು ಡ್ಯೂಟಿಯಲ್ಲಿ! ದಿನಕ್ಕೆ ಎಷ್ಟು ಸಲ ಬಿದ್ದಿದೀನಿ ಗೊತ್ತಾ? ಬಂದಾಗ ಹೊಸಾ ಚೆಂಡಿನ ಹಾಗಿದ್ದೆ!

ಭಾಯ್: ದಾಖಲೆ ಇದೆಯಾ?

ನಾನಾ: ಠಸ್ಸೆಗೆ ಯಾರು ದಾಖಲೆ ಇಡ್ತಾರೆ?

ಭಾಯ್ ಅದನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. “ರಬ್ಬರಿನ ಹುಟ್ಟುಗುಣ ಸಾರ್ ಇದು. ಸುಮ್ಮನೆ ಇಟ್ಟಿದ್ದರೂ ಬಿರುಕು ಬಿಡೋದೇ.” ಡಬ್ಬದೊಳಕ್ಕೆ ಎಸೆದು ನನ್ನ ಪೇಪರಿನ ದುಡ್ಡು ಎಣಿಸತೊಡಗಿದರು.

ಡಬ್ಬದೊಳಗಿಂದ ಸಣ್ಣ ದನಿ ಬಂತು: “ಸ್ವಾಮಿ, ಮೊದಲ ಮೇಲ್ಮನವಿಗೆ ಎಷ್ಟು ಕಾಲ ಇರುತ್ತೆ?”

“ಆರು ತಿಂಗಳು,” ಎಂದೆ.