ಬತ್ತಾ ಅದೆ ಕಣಣ್ಣ

ನಮ್ಮ ಮನೆಯಲ್ಲಿ ಮೂರು ಗಡಿಯಾರಗಳಿವೆ. ನಡುಮನೆಯದು ಐದು ನಿಮಿಷ ಮುಂದೆ, ಅಡುಗೆಮನೆಯದು ಹತ್ತು ನಿಮಿಷ ಮುಂದೆ, ನನ್ನ ಕೈಯಲ್ಲಿರುವುದು ಹದಿನೈದು ನಿಮಿಷ ಮುಂದೆ. ಇಷ್ಟು ಮುಂದುವರಿದ ಸಂಸಾರ ಮಂಡ್ಯ ಜಿಲ್ಲೆಯಲ್ಲಿ ಇನ್ನೊಂದಿರಲಾರದು. ಈ ಮೂರನ್ನೂ ನಂಬಿ, ಬಿಸಿ ಉಪ್ಪಿಟ್ಟನ್ನು ಡಬ್ಬಿಗೆ ತುರುಕಿ, ಷರ್ಟಿನ ಗುಂಡಿಯನ್ನು ರಸ್ತೆಯಲ್ಲೇ ಹಾಕಿಕೊಳ್ಳುತ್ತ ಬೆಂಗಳೂರಿನ ಗಾಡಿಗೆಂದು ಮಂಡ್ಯ ಸ್ಟೇಷನ್ನಿಗೆ ಓಡಿದರೆ, ಅಲ್ಲಿ ಟೀ ಊದಿಕೊಂಡು ಕುಡಿಯುತ್ತ ನಿಂತ ದಿನದ ಜೊತೆಗಾರ ಕೇಳುತ್ತಾನೆ: "ಯಾಕಣ್ಣ ಇಂಗ್ ಓಡ್ಬಂದೆ? ಬತ್ತಾ ಅದೆ ಕಣಣ್ಣ, ಬತ್ತಾ ಅದೆ."

"ಬತ್ತಾ ಅದೆ" ಎಂಬುದು ವರ್ತಮಾನ ಕಾಲ ಎಂದು ವ್ಯಾಕರಣದ ಮೇಷ್ಟ್ರು ಹೇಳಿಕೊಟ್ಟಿದ್ದರು. ಪಾಪ, ಅವರು ನಡೆದೇ ಶಾಲೆಗೆ ಬರುತ್ತಿದ್ದವರು. ಗಾಡಿ ಯಲಿಯೂರು ಬಿಟ್ಟಿದ್ದರೂ ಬತ್ತಾ ಅದೆ, ಪಾಂಡವಪುರದಲ್ಲಿ ನಿಂತು ಗಾಳಿ ಕುಡಿಯುತ್ತಿದ್ದರೂ ಬತ್ತಾ ಅದೆ, ಮೈಸೂರಿನಲ್ಲಿ ಇನ್ನೂ ಬೋಗಿ ಗುಡಿಸುತ್ತಿದ್ದರೂ ಬತ್ತಾ ಅದೆ. ಮೊಬೈಲಿನ ಆ್ಯಪು ಸಹ ಇದನ್ನೇ ಇಂಗ್ಲಿಷಿನಲ್ಲಿ ಹೇಳುತ್ತದೆ. ಒಂದು ನೀಲಿ ಚುಕ್ಕಿ ಹಳಿಯ ಮೇಲೆ ಮಿಣಮಿಣ ಎನ್ನುತ್ತಿರುತ್ತದೆ. ಅದನ್ನು ದಿಟ್ಟಿಸಿ ನೋಡಿದರೆ ಗಾಡಿ ಬೇಗ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ.

ಯಾವ ಗಾಡಿ, ಎಷ್ಟು ಗಂಟೆಯದು ಎಂದು ಮಾತ್ರ ಕೇಳಬೇಡಿ. ನಾಳೆ ಬೆಳಿಗ್ಗೆ ನಾನು ಅದಕ್ಕೇ ಹತ್ತಬೇಕು.

ನನ್ನ ದೂರು ಗಾಡಿ ತಡವಾಗುತ್ತದೆ ಎಂಬುದಲ್ಲ. ಹಾಗಂದುಕೊಂಡರೆ ನೀವು ಪಾಸ್ ತೆಗೆಸಿದವರೇ ಅಲ್ಲ. ದಿನಾ ಇಪ್ಪತ್ತು ನಿಮಿಷ ತಡವಾಗಿ ಬರುವ ಗಾಡಿಯಷ್ಟು ಸಂಭಾವಿತ ಗಾಡಿ ಬೇರೆ ಉಂಟೆ? ಅದನ್ನು ನಂಬಿ ಇನ್ನೊಂದು ದೋಸೆ ಹಾಕಿಸಿಕೊಳ್ಳಬಹುದು, ಮಗಳ ಜಡೆ ಹೆಣೆಯಬಹುದು, ಪೇಪರಿನ ಪದಬಂಧ ಮುಗಿಸಬಹುದು. ನಮ್ಮ ಗಾಡಿಗೆ ಆ ನಿಷ್ಠೆಯೂ ಇಲ್ಲ. ಸೋಮವಾರ ಇಪ್ಪತ್ತು ನಿಮಿಷ, ಮಂಗಳವಾರ ನಲವತ್ತು, ಬುಧವಾರ ಹನ್ನೆರಡು. ಹೋಗಲಿ, ಹೀಗೇ ಇರುತ್ತೆ ಎಂದು ಗುರುವಾರ ಆರಾಮಾಗಿ ದೋಸೆ ತಿರುವಿ ಹಾಕಿಸಿಕೊಂಡು ಹೋದರೆ, ಗಾಡಿಯ ಹಿಂಬದಿಯ ಕೆಂಪು ದೀಪ ಕಾಣುತ್ತದೆ. ಅವತ್ತು ಅದು ಸಕಾಲಕ್ಕೆ ಬಂದು ಸಕಾಲಕ್ಕೆ ಹೊರಟಿರುತ್ತದೆ! ಅದೇ ಟೀ ಗಿರಾಕಿ ಆ ದಿನ ಬಾಗಿಲಲ್ಲಿ ನಿಂತು ನನಗೆ ಕೈಬೀಸುತ್ತಿರುತ್ತಾನೆ. ಇಪ್ಪತ್ತು ವರ್ಷದ ಸ್ನೇಹ; ಚೈನು ಎಳೆಯುವಷ್ಟು ದೊಡ್ಡದಲ್ಲ.

ಗಾಡಿ ತಡವಾದರೆ ಮೈಕಿನಲ್ಲಿ ಒಬ್ಬ ಹೆಣ್ಣುಮಗಳು ಮೂರು ಭಾಷೆಯಲ್ಲಿ ವಿಷಾದಿಸುತ್ತಾಳೆ. ಎಷ್ಟು ವರ್ಷದಿಂದ ವಿಷಾದಿಸುತ್ತಿದ್ದಾಳೋ, ಆಕೆಯ ದನಿಗೆ ಮಾತ್ರ ಬೇಸರ ಬಂದಿಲ್ಲ. ನಾನು ತಡವಾದರೆ ವಿಷಾದಿಸುವವರು ಯಾರೂ ಇಲ್ಲ. ಆಫೀಸಿನ ಬಾಗಿಲಲ್ಲಿ ಹೆಬ್ಬೆಟ್ಟು ಒತ್ತುವ ಮೆಷೀನು ಕೂತಿದೆ. ತಿಂಗಳಿಗೆ ಮೂರು ತಡವಾದರೆ ಅದರ ಲೆಕ್ಕಕ್ಕೆ ಅರ್ಧ ದಿನದ ರಜೆ. "ಏನ್ರೀ, ಇವತ್ತೂ ರೈಲಿನ ಕತೇನಾ?" ಎಂದು ಸಾಹೇಬರು ಕೇಳುತ್ತಾರೆ. ಅವರ ಮನೆ ಆಫೀಸಿನಿಂದ ಎರಡೇ ರಸ್ತೆ ಆಚೆ. ಸಾರ್, ನಿಜವಾಗಲೂ ಗಾಡಿ ಲೇಟು ಅಂದರೆ ನಂಬರು. ಹೆಂಡತಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿದರೆ ತಕ್ಷಣ ನಂಬುತ್ತಾರೆ. ಹಾಗಾಗಿ ನನ್ನ ಹೆಂಡತಿಗೆ ಆಫೀಸಿನ ದಾಖಲೆಯಲ್ಲಿ ವರ್ಷಕ್ಕೆ ನಲವತ್ತು ದಿನ ತಲೆಸುತ್ತು.

ಮೊದಲಾದರೆ ನಮಗೆ ಬೈಯಲು ಒಬ್ಬ ಗಟ್ಟಿ ಆಸಾಮಿ ಇದ್ದ. ಬೆಂಗಳೂರು-ಮೈಸೂರು ಒಂಟಿ ಹಳಿಯಾಗಿದ್ದ ಕಾಲದಲ್ಲಿ ಗಾಡಿ ನಿಂತರೆ "ಕ್ರಾಸಿಂಗು" ಎಂಬ ಒಂದೇ ಮಾತಿಗೆ ಬೋಗಿಯೆಲ್ಲ ತಣ್ಣಗಾಗುತ್ತಿತ್ತು. ಜೋಡಿ ಹಳಿ ಯಾಕೆ ಆಗಿಲ್ಲ ಅಂದರೆ, ಶ್ರೀರಂಗಪಟ್ಟಣದಲ್ಲಿ ಹಳಿಯ ದಾರಿಗೇ ಟಿಪ್ಪುವಿನ ಕಾಲದ ಮದ್ದಿನಮನೆ ಅಡ್ಡ ಕೂತಿತ್ತು. ಒಡೆಯುವ ಹಾಗಿಲ್ಲ, ಬಿಡುವ ಹಾಗಿಲ್ಲ. ನಮ್ಮ ಬೋಗಿಯ ನಿವೃತ್ತ ಮೇಷ್ಟ್ರೊಬ್ಬರು ಹೇಳುತ್ತಿದ್ದರು: "ಬ್ರಿಟಿಷರ ಕೈಲೂ ಆಗಲಿಲ್ಲ, ನಮ್ಮ ಕೈಲೂ ಆಗ್ತಿಲ್ಲ. ಟಿಪ್ಪು ಇನ್ನೂ ಗಾಡಿ ತಡೀತಾವ್ನೆ." ಕೊನೆಗೆ 2017ರಲ್ಲಿ ಆ ಕಟ್ಟಡವನ್ನು ಬುಡಸಮೇತ ಜಾಕಿ ಕೊಟ್ಟು ಎತ್ತಿ, ನೂರು ಮೀಟರಿಗೂ ಆಚೆ ನಾಜೂಕಾಗಿ ಸರಿಸಿ ಕೂರಿಸಿದರು. ಇನ್ನೂರು ಚಿಲ್ಲರೆ ವರ್ಷ ಕದಲದ ಇಟ್ಟಿಗೆ ಗಾರೆಯ ಮನೆ ಕದಲಿತು. ಜೋಡಿ ಹಳಿ ಬಂತು, ಮೇಲೆ ಕರೆಂಟಿನ ತಂತಿ ಬಂತು. ಅಂದಿನಿಂದ ಟಿಪ್ಪು ನಿರಪರಾಧಿ. ಆದರೂ ನಮ್ಮ ಗಾಡಿ ನಿಲ್ಲುತ್ತದೆ, ಯಾರನ್ನು ಬೈಯಬೇಕೋ ತಿಳಿಯದೆ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತೇವೆ.

ಈಗ ನಿಲ್ಲುವುದು ಎದುರಿನ ಗಾಡಿಗಲ್ಲ, ಹಿಂದಿನಿಂದ ಬರುವ ದೊಡ್ಡವರಿಗೆ. ನಮ್ಮನ್ನು ಪಕ್ಕದ ಲೂಪ್ ಲೈನಿಗೆ ಎಳೆದು ನಿಲ್ಲಿಸುತ್ತಾರೆ. ಮದುವೆಮನೆಯಲ್ಲಿ ಸಾಹುಕಾರರು ಬಂದಾಗ ಕೂತವರನ್ನು ಎಬ್ಬಿಸುವುದಿಲ್ಲವೆ, ಹಾಗೆ. ಹತ್ತು ನಿಮಿಷದ ಮೇಲೆ ಒಂದು ಭರ್ರನೆ ಸದ್ದು, ಬಿಳಿ ಬಣ್ಣ, ಮುಚ್ಚಿದ ಗಾಜು, ಒಳಗೆ ತಂಪಾಗಿ ಕೂತ ನಾಲ್ಕು ಮುಖ. 2022ರ ನವೆಂಬರಿನಲ್ಲಿ ದಕ್ಷಿಣ ಭಾರತದ ಮೊದಲ ವಂದೇ ಭಾರತ್ ಗಾಡಿ ಈ ಹಳಿಯ ಮೇಲೇ ಓಡಿತು. ಚೆನ್ನೈಯಿಂದ ಮೈಸೂರಿಗೆ. ನಮಗೂ ಹೆಮ್ಮೆಯೇ. ಹನಕೆರೆಯಿಂದ ಹತ್ತುವ ಅಕ್ಕ ಒಬ್ಬರು ಅದರ ಸದ್ದು ಕೇಳಿದಾಗಲೆಲ್ಲ ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡಿಕೊಂಡು, "ಓಗ್ಲಿ ಬುಡಪ್ಪ, ಅವ್ರಿಗೇನೋ ಅರ್ಜೆಂಟು" ಅನ್ನುತ್ತಾರೆ. ಆಕೆಯ ಬುಟ್ಟಿಯಲ್ಲಿ ಬಾಡುತ್ತಿರುವುದು ಸೊಪ್ಪು.

ಇದೆಲ್ಲ ದಾಟಿ ಕೆಂಗೇರಿ ಬಂತೆನ್ನಿ. ಊರು ಬಂತು ಎಂದು ಹೊಸಬರು ಎದ್ದು ಚೀಲ ಇಳಿಸುತ್ತಾರೆ. ಹಳಬರು ನಗುತ್ತಾರೆ. ನಾಯಂಡಹಳ್ಳಿ ಕಳೆದ ಮೇಲೆ ಇರುವುದೇ ಔಟರು. ಔಟರು ಎಂದರೆ ಊರಿನೊಳಗೂ ಅಲ್ಲ, ಹೊರಗೂ ಅಲ್ಲ; ತ್ರಿಶಂಕು ಸ್ವರ್ಗದಲ್ಲಿ ಒಂದು ಸೆಕೆಂಡ್ ಕ್ಲಾಸ್ ಬೋಗಿ. ಪ್ಲಾಟ್‌ಫಾರಂ ಖಾಲಿಯಿಲ್ಲ, ಸಿಗ್ನಲ್ ಕೆಂಪು. ಅಲ್ಲೇ ಪಕ್ಕದ ಮನೆಯ ಟೆರೇಸಿನಲ್ಲಿ ಒಬ್ಬ ತಾಯಿ ಬಟ್ಟೆ ಒಣಹಾಕುತ್ತಿರುತ್ತಾರೆ. ನಾವು ಹೊರಡುವುದರೊಳಗೆ ಅವು ಒಣಗಿ, ಮಡಚಿ ಒಳಗೆ ಹೋಗಿರುತ್ತವೆ ಎಂದರೆ ಸ್ವಲ್ಪ ಹೆಚ್ಚಾದೀತು. ಆದರೆ ಆ ಮನೆಯ ಹುಡುಗ ಚಡ್ಡಿಯಿಂದ ಪ್ಯಾಂಟಿಗೆ ಬಂದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ನಮ್ಮ ಬೋಗಿಯ ಹುಡುಗರು ಕೆಳಗೆ ಹಾರಿ ಹಳಿಯ ಮೇಲೆ ನಡೆದೇಬಿಡುತ್ತಾರೆ. ನನ್ನ ಮಂಡಿ ಅದಕ್ಕೆ ಒಪ್ಪುವುದಿಲ್ಲ.

ಇಷ್ಟಾದರೂ ಕಾಗದದಲ್ಲಿ ಗಾಡಿ ಸಕಾಲಕ್ಕೇ ಬಂದಿರುತ್ತದೆ! ಗುಟ್ಟು ಹೇಳುತ್ತೇನೆ. ವೇಳಾಪಟ್ಟಿ ಬರೆಯುವವರು ಕೊನೆಯ ಸ್ಟೇಷನ್ನಿಗೆ ಮುಂಚಿನ ತುಂಡು ದಾರಿಗೆ ಧಾರಾಳವಾಗಿ ಹೊತ್ತು ಬಿಟ್ಟಿರುತ್ತಾರೆ. ಸೀರೆಯ ಸೆರಗಿಗೆ ಹೆಚ್ಚು ಬಟ್ಟೆ ಬಿಟ್ಟ ಹಾಗೆ. ದಾರಿಯುದ್ದಕ್ಕೂ ಆದ ತಡವೆಲ್ಲ ಆ ಸೆರಗಿನಲ್ಲಿ ಮುಚ್ಚಿಹೋಗುತ್ತದೆ. ಸಾಲದ್ದಕ್ಕೆ, ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳು ಕೊನೆಯ ಊರಿಗೆ 15 ನಿಮಿಷದೊಳಗಿನ ತಡದಲ್ಲಿ ಬಂದರೆ ಲೆಕ್ಕದಲ್ಲಿ ಅದು ತಡವೇ ಅಲ್ಲ. ನಮ್ಮ ಹೆಬ್ಬೆಟ್ಟಿನ ಮೆಷೀನಿಗೆ ಈ ಶಾಸ್ತ್ರ ಯಾರಾದರೂ ಹೇಳಿಕೊಡಬೇಕು.

ಬೇಗ ಬಂದರೆ? ಅದೂ ಆಗಿದೆ. 1917ರ ಸುಮಾರಿಗೆ ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾಡುತ್ತಿದ್ದ ರಾಮಚಂದ್ರ ಬುದ್ಯರಿಗೆ ಒಂದು ದಿನ ಗಾಡಿ ಹೊತ್ತಿಗೆ ಮುಂಚೆಯೇ ಎದುರಾಯಿತಂತೆ. ಪಕೋಡ ಬೇಯಿಸಲು ವ್ಯವಧಾನವಿಲ್ಲ. ಹಿಟ್ಟನ್ನು ಕೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು. ಅದೇ ಮದ್ದೂರು ವಡೆ ಎಂದು ಕತೆ. ಟೋಕಿಯೊ ಕಡೆಯ ರೈಲು ಕಂಪನಿಯೊಂದು 2017ರಲ್ಲಿ, ಗಾಡಿ 20 ಸೆಕೆಂಡು ಮುಂಚೆ ಹೊರಟುಬಿಟ್ಟಿತೆಂದು ಜನರ ಕ್ಷಮೆ ಕೇಳಿತ್ತು. ನೋಡಿ ವ್ಯತ್ಯಾಸ! ಗಾಡಿ ಮುಂಚೆಯಾದರೆ ಅವರು ಕ್ಷಮೆ ಕೇಳುತ್ತಾರೆ, ನಾವು ವಡೆ ತಟ್ಟುತ್ತೇವೆ. ಈ ಹಳಿಯಲ್ಲಿ ಗಾಡಿ ಬೇಗ ಬಂದದ್ದು ಎಷ್ಟು ಅಪರೂಪ ಎಂದರೆ, ನೂರು ವರ್ಷದಿಂದ ಅದರ ನೆನಪಿಗೆ ಈರುಳ್ಳಿ ಹಾಕಿ ಕರಿಯುತ್ತಲೇ ಇದ್ದೇವೆ.

ಕೊರೊನಾ ಬಂದು ಹೋದ ಮೇಲೆ ನಮ್ಮ ಪ್ಯಾಸೆಂಜರಿಗೂ ಒಂದು ಯೋಗ ಬಂತು. ಹೆಸರಿಗೆ ಎಕ್ಸ್‌ಪ್ರೆಸ್ ಆಯಿತು, 10 ರೂಪಾಯಿಯಿದ್ದ ಕನಿಷ್ಠ ಟಿಕೆಟ್ಟು 30 ಆಯಿತು. ನಿಲ್ಲುವ ಊರು ಅವೇ, ನಿಲ್ಲುವ ಹೊತ್ತೂ ಅಷ್ಟೇ. 2024ರಲ್ಲಿ ಮತ್ತೆ 10ಕ್ಕೆ ಇಳಿಸಿದರು. ಪಾಸಿನವರಾದ ನಾವು ಈ ಮೆರವಣಿಗೆಯನ್ನು ಪಕ್ಕದಲ್ಲಿ ನಿಂತು ನೋಡಿದೆವು.

ಬೋಗಿಯ ಒಳಗೆ ಮಾತ್ರ ಯಾರ ಕೆಲಸವೂ ನಿಂತಿರುವುದಿಲ್ಲ. ಇಸ್ಪೀಟು ಉಂಟು, ಚೀಟಿ ವ್ಯವಹಾರ ಉಂಟು, ಅವರೆಕಾಯಿ ಕಾಲದಲ್ಲಿ ಸೊನೆಯ ವಾಸನೆಯುಂಟು. ಹೆಣ್ಣುಮಕ್ಕಳು ಹೂ ಕಟ್ಟುತ್ತ ಬರುತ್ತಾರೆ. ಅವರ ಹತ್ತಿರ ಗಾಡಿಯ ನಿಜವಾದ ಲೆಕ್ಕವಿದೆ. ಗಾಡಿ ಸರಿಯಾಗಿ ಓಡಿದರೆ ಮಂಡ್ಯದಿಂದ ಬೆಂಗಳೂರಿಗೆ ಎರಡು ಮಾರು. ಮೊನ್ನೆ ಇಳಿಯುವಾಗ ಒಬ್ಬಾಕೆ ಮಾಲೆ ಅಳೆದು ನೋಡಿ ಹೇಳಿದರು: "ಇವತ್ತು ಒಂದು ಮಾರು ಲೇಟು."

ಸರ್ಕಾರಕ್ಕೂ ಹೂವಿನ ಮೇಲೇ ಪ್ರೀತಿ. ಬೆಂಗಳೂರಿನ ಉಪನಗರ ರೈಲಿಗೆ ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಮಾತು ಶುರುವಾದದ್ದು 1983ರಲ್ಲಿ, ಅಡಿಗಲ್ಲು ಬಿದ್ದದ್ದು 2022ರ ಜೂನಿನಲ್ಲಿ. ಪಾರಿಜಾತ ನಮ್ಮ ಕಡೆಗೆ ಕೆಂಗೇರಿವರೆಗೆ ಅರಳುತ್ತದಂತೆ. ಆಚೆಗಿನವರಿಗೆ ಇದ್ದೇ ಇದೆಯಲ್ಲ ಹಳೆಯ ಗಾಡಿ.

ಬಸ್ಸಿಗೆ ಹೋಗಬಾರದೇ ಎಂದು ಕೇಳುವಿರಿ. ಹೋಗಿ ನೋಡಿದೆ. ಬಸ್ಸಿನಲ್ಲಿ ಕೂತವರು ಯಾರೂ ಮಾತಾಡುವುದಿಲ್ಲ, ಎಲ್ಲರ ಕಿವಿಯಲ್ಲೂ ವೈರು. ತಿಂಗಳ ಖರ್ಚು ನೋಡಿ ಹೆಂಡತಿಗೆ ನಿಜವಾಗಲೂ ತಲೆಸುತ್ತು ಬಂತು. ಮೂರನೆಯ ದಿನ ವಾಪಸು ಪ್ಲಾಟ್‌ಫಾರಂಗೆ ಬಂದೆ. ಟೀ ಗಿರಾಕಿ ಏನೂ ಕೇಳಲಿಲ್ಲ, ಅರ್ಧ ಕಪ್ಪು ಬಗ್ಗಿಸಿ ಕೊಟ್ಟ.

ನಾಳೆ ನನಗೆ ಸ್ವಲ್ಪ ತಡವಾಗುವ ಹಾಗಿದೆ, ಮಗಳ ಶಾಲೆಯಲ್ಲಿ ಕೆಲಸ. ಅಂದರೆ ಗಾಡಿ ಸರಿಯಾದ ಹೊತ್ತಿಗೆ ಬರುವುದು ಖಂಡಿತ. ನೀವೇನಾದರೂ ಅದರಲ್ಲಿ ಹೊರಟಿದ್ದರೆ, ಎಡಗಡೆ ಕಿಟಕಿಯ ಪಕ್ಕ ನನ್ನ ಹೆಸರಿಗೆ ಒಂದು ಟವಲು ಹಾಕಿಡಿ.